ಕಡಲೂ ಬೆಟ್ಟವೂ ಗುರುಗಳಾದ ವಿದ್ಯಾಲಯ

ಜರ್ಮನಿ ದೇಶದ ದಕ್ಷಿಣ ಭಾಗದಲ್ಲಿ, ಕಾನ್‌ಸ್ಟನ್ಸ್ ಎಂಬ ವಿಶಾಲ ಸರೋವರಕ್ಕೆ ಅನತಿದೂರದಲ್ಲಿ, ಸಾಲೆಮ್ ಎಂಬ ಪುರಾತನ ಮಠವೊಂದುಂಟು. ಕ್ರಿಸ್ತಶಕದ ಹನ್ನೆರಡನೆಯ ಶತಮಾನದಲ್ಲಿ ಸಿಸ್ಟರ್ಷಿಯನ್ ಪಂಥದ ಯತಿಗಳು ಅದನ್ನು ಸ್ಥಾಪಿಸಿದರು. ಮೈದುಡಿಮೆಯನ್ನೂ ಪ್ರಾರ್ಥನೆಯನ್ನೂ ಒಂದೇ ಜೀವನಕ್ರಮದ ಎರಡು ಅಂಗಗಳೆಂದು ಎಣಿಸಿದ ಪಂಥವದು. ಆರೂವರೆ ಶತಮಾನಗಳಿಗೂ ಮಿಗಿಲಾಗಿ ಆ ಮಠವು ನಡೆದುಬಂದಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಯುರೋಪಿನ ರಾಜಕೀಯವು ತಲೆಕೆಳಗಾದಾಗ ಮಠದ ಆಸ್ತಿಯೆಲ್ಲವೂ ಬಾಡೆನ್ ರಾಜಮನೆತನದ ವಶವಾಗಿ, ಯತಿಗಳು ಅಲ್ಲಿಂದ ಹೊರಬೀಳಬೇಕಾಯಿತು. ಘಂಟಾನಾದವಡಗಿದ ಆ ವಿಶಾಲ ಪ್ರಾಕಾರದಲ್ಲಿ 1920ನೆಯ ಇಸವಿಯಲ್ಲಿ ಒಂದು ಪಾಠಶಾಲೆಯು ತಲೆಯೆತ್ತಿತು. ಮಕ್ಕಳನ್ನು ನಾಲ್ಕು ಗೋಡೆಗಳ ಹೊರಗೆ ಕರೆದೊಯ್ದು ಕಡಲು, ಬೆಟ್ಟ, ಅಡವಿಗಳ ಸನ್ನಿಧಿಯಲ್ಲಿ ಶಿಕ್ಷಣ ಕೊಡುವ ಪದ್ಧತಿಯು ಇಂದು ಲೋಕದ ಅನೇಕ ದೇಶಗಳಲ್ಲಿ ಹಬ್ಬಿರುವದಷ್ಟೆ? ಅದರ ಒಂದು ಮುಖ್ಯವಾದ ಬೇರು ಈ ಹಳೆಯ ಮಠದ ಅಂಗಳದಲ್ಲಿದೆ.

ಆ ಶಾಲೆಯ ಚಾಲಕಶಕ್ತಿಯಾಗಿದ್ದವರು ಕುರ್ಟ್ ಹಾನ್ ಎಂಬವರು. ಅವರು 1886ರಲ್ಲಿ ಬರ್ಲಿನ್ ನಗರದ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಬೆಟ್ಟಗಳನ್ನು ಹತ್ತುವದರಲ್ಲಿ ಬಾಲ್ಯದಿಂದಲೇ ಅವರಿಗೆ ಆಸಕ್ತಿ. ಆದರೆ ವಿಧಿಯು ಬೇರೆಯೇ ಇತ್ತು. ತಾರುಣ್ಯದಲ್ಲಿ ತಗುಲಿದ ಬಿಸಿಲ ಹೊಡೆತವೊಂದು ಅವರ ಆರೋಗ್ಯವನ್ನು ಜನ್ಮಪರ್ಯಂತ ಕೆಡಿಸಿತು. ದೀರ್ಘಕಾಲ ಕತ್ತಲೆಯ ಕೋಣೆಯಲ್ಲಿಯೇ ಅವರು ವಿಶ್ರಮಿಸಬೇಕಾಯಿತು. ಬಯಲಿನ ಬಾಳನ್ನು ಸಾವಿರಾರು ಮಕ್ಕಳಿಗೆ ತೆರೆದಿಟ್ಟ ಮಹನೀಯರು ತಾವೇ ಬಿಸಿಲಿಗೆ ಅಂಜಿ, ಅಗಲವಾದ ಟೊಪ್ಪಿಗೆಯಿಲ್ಲದೆ ಹೊರಗಡಿಯಿಡಲಾರದವರಾಗಿದ್ದರೆಂಬುದು ಎಂತಹ ವಿಚಿತ್ರ! ಆಕ್ಸ್‌ಫರ್ಡಿನಲ್ಲಿಯೂ ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿಯೂ ವ್ಯಾಸಂಗ ಮಾಡಿ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸರಕಾರದ ಸೇವೆಗೆ ನಿಂತು, ಕೊನೆಗೆ ಬಾಡೆನ್ನಿನ ರಾಜಕುಮಾರ ಮ್ಯಾಕ್ಸ್ ಎಂಬವರ ಆಪ್ತಕಾರ್ಯದರ್ಶಿಗಳಾದರು. ಈ ಮ್ಯಾಕ್ಸ್ ರಾಜಕುಮಾರರೇ ಜರ್ಮನ್ ಸಾಮ್ರಾಜ್ಯದ ಕಟ್ಟಕಡೆಯ ಪ್ರಧಾನಿಗಳು. 1918ರಲ್ಲಿ ಸಾಮ್ರಾಜ್ಯವು ಕುಸಿದುಬಿದ್ದುದನ್ನು ಇಬ್ಬರೂ ಕಣ್ಣಾರೆ ಕಂಡರು. ಪಾಂಡಿತ್ಯಕ್ಕೆ ಕೊರತೆಯಿಲ್ಲದ ದೇಶದಲ್ಲಿ, ತನಗೆ ಸರಿಯೆಂದು ತೋರಿದುದನ್ನು ನಿರ್ಭಯವಾಗಿ ನುಡಿದು ನಡೆಯುವ ಪ್ರಜೆಗಳಿಗೆ ಕೊರತೆಯಾಯಿತೆಂಬುದು ಅವರ ನಿರ್ಣಯ. ರಾಜಕುಮಾರರು ತಮ್ಮ ಸಾಲೆಮಿನ ಕಟ್ಟಡವನ್ನು ಶಾಲೆಗೆ ತೆರೆದುಕೊಟ್ಟರು.

ಸಾಲೆಮಿನ ದಿನಚರಿಯಲ್ಲಿ ಪುಸ್ತಕದ ಪಾಠಗಳಿಗೆ ಸ್ಥಾನವಿತ್ತು, ಆದರೆ ಸಿಂಹಾಸನವಿರಲಿಲ್ಲ. ಓಟ, ನೆಗೆತಗಳ ಅಭ್ಯಾಸ, ತಾನೇ ಆರಿಸಿಕೊಂಡ ಒಂದು ಕೆಲಸವನ್ನು ತಿಂಗಳುಗಟ್ಟಲೆ ಹಿಡಿದು ಮುಗಿಸುವದು, ಕಾಡುಮೇಡುಗಳಲ್ಲಿ ಯಾತ್ರೆ, ಕಷ್ಟದಲ್ಲಿದ್ದವರ ರಕ್ಷಣೆ, ಇವು ನಾಲ್ಕು ಹಾನರ ಪದ್ಧತಿಯ ಕಂಬಗಳಾಗಿ ಕ್ರಮೇಣ ಬೆಳೆದುಬಂದವು. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ದಿನದ ನಿಯಮಗಳನ್ನು ಬರೆದಿಟ್ಟ ಪಟ್ಟಿಯೊಂದನ್ನು ಇಟ್ಟುಕೊಂಡು, ನಡೆಸಿದುದಕ್ಕೂ ತಪ್ಪಿದುದಕ್ಕೂ ರಾತ್ರಿ ತಾನೇ ಗುರುತು ಹಾಕಬೇಕು; ಅದನ್ನು ತನಿಖೆ ಮಾಡುವವರು ಯಾರೂ ಇಲ್ಲ. ಯಾತ್ರೆಯಲ್ಲಿಯಾದರೂ ಹಾಗೆಯೇ. ಹುಡುಗರು ನಕ್ಷೆಯನ್ನು ತಾವೇ ಓದಬೇಕು, ಅಡಿಗೆಯನ್ನು ತಾವೇ ಮಾಡಬೇಕು, ದಾರಿ ತಪ್ಪಿದರೆ ತಾವೇ ಹುಡುಕಿಕೊಳ್ಳಬೇಕು. ಮಳೆಯೂ ಕಡಿದಾದ ಹಾದಿಯೂ ಯಾರ ಮುಖವನ್ನೂ ನೋಡಿ ಪಕ್ಷಪಾತ ಮಾಡುವದಿಲ್ಲ. ಶ್ರೀಮಂತನ ಮಗನಿಗೂ ರೈತನ ಮಗನಿಗೂ ಅವುಗಳಲ್ಲಿ ಒಂದೇ ನ್ಯಾಯ.

ಈ ಶಿಕ್ಷಣಕ್ಕೆ ಅಗ್ನಿಪರೀಕ್ಷೆಯು ಬೇಗನೆ ಒದಗಿತು. 1932ರ ಆಗಸ್ಟ್ ತಿಂಗಳಲ್ಲಿ ಪೊಟೆಂಪಾ ಎಂಬ ಗ್ರಾಮದಲ್ಲಿ ನಾಜಿ ಪಕ್ಷದ ದಳದವರು ರಾತ್ರಿಯ ಹೊತ್ತು ಕೂಲಿಕಾರನೊಬ್ಬನ ಮನೆಗೆ ನುಗ್ಗಿ, ಹೆತ್ತ ತಾಯಿಯ ಎದುರಿನಲ್ಲಿಯೇ ಅವನನ್ನು ಹೊಡೆದು ಕೊಂದರು. ನ್ಯಾಯಾಲಯವು ಐವರಿಗೆ ಮರಣದಂಡನೆ ವಿಧಿಸಿತು. ಹಿಟ್ಲರನಾದರೋ ಆ ಕೊಲೆಗಡುಕರಿಗೆ ತಂತಿ ಕಳುಹಿಸಿ, ತಾನು ಅವರ ಬೆಂಬಲಕ್ಕಿರುವೆನೆಂದು ಬಹಿರಂಗವಾಗಿ ಸಾರಿದನು. ದೇಶದಲ್ಲಿ ಅನೇಕ ವಿದ್ವಾಂಸರು ಮೌನದಿಂದಿದ್ದರು. ಹಾನರು ಸುಮ್ಮನಿರಲಿಲ್ಲ. ಸಾಲೆಮಿನ ಹಳೆಯ ವಿದ್ಯಾರ್ಥಿಗಳೆಲ್ಲರಿಗೂ ಪತ್ರ ಬರೆದು, ಹಿಟ್ಲರನ ದಳಗಳಲ್ಲಿ ಸೇರಿದವರು ಆ ಸಂಬಂಧವನ್ನಾದರೂ ಕಡಿದುಕೊಳ್ಳಬೇಕು, ಇಲ್ಲವೆ ಸಾಲೆಮಿನ ಸಂಬಂಧವನ್ನಾದರೂ ಕಡಿದುಕೊಳ್ಳಬೇಕು, ಎರಡೂ ಕೂಡಿರಲಾರವೆಂದು ತಿಳಿಸಿದರು. ಯಹೂದಿ ಕುಲದಲ್ಲಿ ಹುಟ್ಟಿದವರು ಇಂತಹ ಪತ್ರವನ್ನು ಆ ಕಾಲದಲ್ಲಿ ಬರೆದುದರ ಬೆಲೆಯೇನೆಂಬುದು ಅವರಿಗೆ ತಿಳಿಯದ ಮಾತಲ್ಲ. ಹಿಟ್ಲರನು ಅಧಿಕಾರಕ್ಕೆ ಬಂದೊಡನೆ, 1933ರ ಮಾರ್ಚ್ ತಿಂಗಳಲ್ಲಿ, ಅವರು ಸೆರೆಯನ್ನು ಕಂಡರು. ಬ್ರಿಟನ್ನಿನ ಮಿತ್ರರೂ, ಅಲ್ಲಿಯ ಪ್ರಧಾನಮಂತ್ರಿ ರ್‍ಯಾಮ್ಸೆ ಮ್ಯಾಕ್‌ಡೊನಾಲ್ಡರೂ ಮಧ್ಯಸ್ಥಿಕೆ ವಹಿಸಿದುದರಿಂದ ಬಿಡುಗಡೆಯಾಯಿತು. ಅದೇ ವರ್ಷ ಅವರು ತಾಯಿನಾಡನ್ನು ಬಿಟ್ಟು ಬ್ರಿಟನ್ನಿಗೆ ತೆರಳಿದರು.

ನಲವತ್ತೇಳರ ಪ್ರಾಯದಲ್ಲಿ ಪರದೇಶಿಯಾದ ಹಾನರು 1934ರಲ್ಲಿ ಸ್ಕಾಟ್ಲೆಂಡಿನ ಮೋರೇ ಪ್ರಾಂತದ ಗಾರ್ಡನ್‌ಸ್ಟನ್ ಎಂಬ ಹಳೆಯ ಬಂಗಲೆಯಲ್ಲಿ ಎರಡನೆಯ ಸಾರೆ ಶಾಲೆಯನ್ನು ಕಟ್ಟಿದರು. ಕೈಬೆರಳೆಣಿಕೆಯ ವಿದ್ಯಾರ್ಥಿಗಳಿಂದ ಅದು ಪ್ರಾರಂಭವಾಯಿತು. ಅಲ್ಲಿ ಉತ್ತರ ಸಮುದ್ರದ ತೆರೆಗಳು ಗುರುಪೀಠವನ್ನೇರಿದವು. ಸಮೀಪದ ಹೋಪ್‌ಮನ್ ಬಂದರದಲ್ಲಿ ಹುಡುಗರು ಹಾಯಿಯ ದೋಣಿಗಳನ್ನು ನಡೆಸಲು ಕಲಿತರು. ಬಿರುಗಾಳಿಯ ರಾತ್ರಿಗಳಲ್ಲಿ ಕರಾವಳಿಯ ಕಾವಲಿನವರೊಡನೆ ಸರದಿಯಂತೆ ಎಚ್ಚರವಿದ್ದು, ಅಪಾಯದಲ್ಲಿ ಸಿಕ್ಕ ಹಡಗುಗಳಿಗಾಗಿ ಕತ್ತಲಲ್ಲಿ ಕಣ್ಣಿಟ್ಟು ಕುಳಿತರು. ಕ್ರೀಡೆಯು ಸೇವೆಯಾಗಿ ಮಾರ್ಪಟ್ಟುದು ಈ ಕಾವಲು ಮನೆಯಲ್ಲಿ. ತಾನು ಕಣ್ಣು ಮುಚ್ಚಿದರೆ ಎಲ್ಲಿಯೋ ಒಬ್ಬ ಬೆಸ್ತನ ಪ್ರಾಣ ಹೋದೀತೆಂದು ತಿಳಿದ ಹದಿನಾರರ ಹುಡುಗನಿಗೆ ಜವಾಬ್ದಾರಿಯ ಮೇಲೆ ವ್ಯಾಖ್ಯಾನ ಬೇಕಾಗುವದಿಲ್ಲ.

ಎರಡನೆಯ ಮಹಾಯುದ್ಧವು ಬರಲು ಸರಕಾರವು ಕಟ್ಟಡವನ್ನು ಸೈನ್ಯಕ್ಕಾಗಿ ತೆಗೆದುಕೊಂಡಿತು. ಶಾಲೆಯು ವೇಲ್ಸ್ ಪ್ರಾಂತಕ್ಕೆ ವಲಸೆಹೋಯಿತು. ಅಲ್ಲಿ ಲಿವರ್‌ಪೂಲಿನ ಹಡಗು ಕಂಪನಿಯೊಂದರ ಯಜಮಾನರಾದ ಲಾರೆನ್ಸ್ ಹೋಲ್ಟ್ ಎಂಬವರ ನೆರವು ದೊರೆಯಿತು. ಹೋಲ್ಟರ ಮನಸ್ಸನ್ನು ಒಂದು ಚಿಂತೆಯು ಕೊರೆಯುತ್ತಲಿತ್ತು. ಜರ್ಮನ್ ಜಲಾಂತರ್ಗಾಮಿಗಳು ಅಟ್ಲಾಂಟಿಕ್ ಸಾಗರದಲ್ಲಿ ಹಡಗುಗಳನ್ನು ಒಡೆದು ಮುಳುಗಿಸುತ್ತಲಿದ್ದವು. ರಕ್ಷಣೆಯ ದೋಣಿಗಳನ್ನು ಹತ್ತಿದವರ ಪೈಕಿ ಹಾಯಿಹಡಗುಗಳಲ್ಲಿ ಪಳಗಿದ ಹಿರಿಯ ನಾವಿಕರು ಬದುಕಿ ಬರುತ್ತಿದ್ದರು. ಗಟ್ಟಿಮುಟ್ಟಾದ ತರುಣರು ಧೈರ್ಯಗುಂದಿ ಮೊದಲೇ ಪ್ರಾಣ ಬಿಡುತ್ತಿದ್ದರು. ಇದು ಹೋಲ್ಟರ ನಂಬಿಕೆ. ಇದನ್ನು ಲೆಕ್ಕವಿಟ್ಟು ಸಿದ್ಧಪಡಿಸುವದು ಕಠಿಣವೇ ಸರಿ. ಆದರೂ ಹಡಗುಗಳನ್ನು ಕಳೆದುಕೊಂಡ ಯಜಮಾನನ ಅನುಭವವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಇಬ್ಬರೂ ಕೂಡಿ 1941ರ ಅಕ್ಟೋಬರದಲ್ಲಿ ಅಬರ್ಡವಿ ಎಂಬ ಕಡಲತೀರದ ಊರಿನಲ್ಲಿ ‘ಔಟ್‌ವರ್ಡ್ ಬೌಂಡ್’ ಎಂಬ ಶಾಲೆಯನ್ನು ತೆರೆದರು. ಬಂದರದ ಆಸರೆಯನ್ನು ಬಿಟ್ಟು ತೆರೆದ ಕಡಲಿಗೆ ಹೊರಟ ಹಡಗಿಗೆ ನಾವಿಕರು ಹೇಳುವ ಮಾತೇ ಆ ಹೆಸರು.

ಸುಮಾರು ಒಂದು ತಿಂಗಳ ಶಿಕ್ಷಣವದು. ಹಡಗಿನ ಉಮೇದವಾರರು, ಕಾರಖಾನೆಯ ಹುಡುಗರು, ಶ್ರೀಮಂತ ಶಾಲೆಗಳ ವಿದ್ಯಾರ್ಥಿಗಳು ಒಂದೇ ತಂಡದಲ್ಲಿ ಸೇರಿ ದೋಣಿ ನಡೆಸಿದರು, ದಿಕ್ಸೂಚಿ ಹಿಡಿದು ವೇಲ್ಸಿನ ಬೆಟ್ಟಗಳನ್ನು ದಾಟಿದರು, ಮುಳುಗುವವರನ್ನು ಎತ್ತುವ ವಿದ್ಯೆಯನ್ನು ಅಭ್ಯಸಿಸಿದರು. ಇವರನ್ನೆಲ್ಲ ನಾವಿಕರನ್ನಾಗಿ ಮಾಡುವದು ಹೋಲ್ಟರ ಗುರಿಯಾಗಿರಲಿಲ್ಲ; ಯಾವ ಕಸುಬಿನವನಾದರೂ ಕಡಲ ಮೂಲಕ ಮನುಷ್ಯನಾಗಲಿ ಎಂಬುದೇ ಅವರ ಅಪೇಕ್ಷೆ. ಯುದ್ಧವು ಮುಗಿದ ಮೇಲೆಯೂ ಶಾಲೆಯು ನಿಲ್ಲಲಿಲ್ಲ. 1946ರಲ್ಲಿ ವಿಶ್ವಸ್ತ ಮಂಡಲಿಯೊಂದು ಏರ್ಪಟ್ಟಿತು. 1950ರಲ್ಲಿ ಇಂಗ್ಲೆಂಡಿನ ಎಸ್ಕ್‌ಡೇಲಿನಲ್ಲಿ ಪರ್ವತಶಾಲೆಯು ಹುಟ್ಟಿತು. 1951ರಲ್ಲಿ ಬಾಲಿಕೆಯರಿಗೂ ಪ್ರವೇಶ ದೊರೆಯಿತು. ಹತ್ತು ವರ್ಷ ಅವರನ್ನು ಹೊರಗಿಟ್ಟುದಕ್ಕೆ ತಕ್ಕ ಕಾರಣವೇನೂ ಕಾಣುವದಿಲ್ಲ. ಈಗ ಈ ಶಾಲೆಗಳು ಮೂವತ್ತಕ್ಕೂ ಹೆಚ್ಚು ದೇಶಗಳಲ್ಲಿವೆ.

ಹಾನರು 1953ರಲ್ಲಿ ಗಾರ್ಡನ್‌ಸ್ಟನ್ನಿನಿಂದ ನಿವೃತ್ತರಾದರೂ ಸುಮ್ಮನೆ ಕೂಡ್ರಲಿಲ್ಲ. ಅವರ ಶಿಷ್ಯನಾಗಿದ್ದ ರಾಜಕುಮಾರ ಫಿಲಿಪ್‌ರ ಹೆಸರಿನಲ್ಲಿ 1956ರಲ್ಲಿ ತರುಣರ ಪಾರಿತೋಷಕ ಯೋಜನೆಯು ಪ್ರಾರಂಭವಾಯಿತು. 1962ರಲ್ಲಿ ವೇಲ್ಸಿನ ಕಡಲಂಚಿನ ಸೇಂಟ್ ಡೊನಾಟ್ಸ್ ಕೋಟೆಯಲ್ಲಿ ಅಟ್ಲಾಂಟಿಕ್ ಕಾಲೇಜು ತೆರೆಯಿತು. ಹಿಂದೆ ಪರಸ್ಪರ ಯುದ್ಧಮಾಡಿದ ದೇಶಗಳ ಮಕ್ಕಳು ಅಲ್ಲಿ ಒಂದೇ ದೋಣಿಯಲ್ಲಿ ಕುಳಿತು ಅಪರಿಚಿತರ ಪ್ರಾಣರಕ್ಷಣೆಗೆ ಹೊರಟರು. ಆ ತೀರದ ಕಲ್ಲುಗಳಿಗೆ ತಾಗಿ ಗಾಳಿ ತುಂಬಿದ ದೋಣಿಗಳ ತಳವು ಹರಿಯುತ್ತಲಿತ್ತು. ಪ್ರಾಚಾರ್ಯರಾದ ಅಡ್ಮಿರಲ್ ಹೋರ್ ಅವರೂ ವಿದ್ಯಾರ್ಥಿಗಳೂ ವರ್ಷಗಟ್ಟಲೆ ಪ್ರಯೋಗ ನಡೆಸಿ, ಗಟ್ಟಿಯಾದ ತಳಕ್ಕೆ ಗಾಳಿಯ ಕೊಳವೆಯನ್ನು ಜೋಡಿಸಿದ ಹೊಸ ಮಾದರಿಯ ದೋಣಿಯನ್ನು ನಿರ್ಮಿಸಿದರು. ಅದರ ಹಕ್ಕನ್ನು ಬ್ರಿಟನ್ನಿನ ಜೀವರಕ್ಷಕ ದೋಣಿಗಳ ಸಂಸ್ಥೆಗೆ ಕೇವಲ ಒಂದು ಪೌಂಡಿಗೆ ಕೊಟ್ಟುಬಿಟ್ಟರು. ಲಕ್ಷಾಂತರ ಹಣ ಗಳಿಸಬಹುದಾಗಿದ್ದ ವಸ್ತುವದು. ಇಂದು ಜಗತ್ತಿನ ಕರಾವಳಿಗಳಲ್ಲೆಲ್ಲ ಅದೇ ಜಾತಿಯ ದೋಣಿಗಳು ಓಡಾಡುತ್ತಿರುವವು.

ಈ ಪದ್ಧತಿಯಲ್ಲಿ ದೋಷಗಳಿರಲಿಲ್ಲವೆಂದಲ್ಲ. ತಣ್ಣೀರು, ಮುಂಜಾವಿನ ಓಟಗಳು ಎಲ್ಲ ಸ್ವಭಾವದ ಮಕ್ಕಳಿಗೂ ಒಗ್ಗುವವಲ್ಲ. ಮೃದುಮನಸ್ಸಿನ ಬಾಲಕರು ಅಲ್ಲಿ ಬಹಳ ನೊಂದುದುಂಟು. ಇನ್ನೊಂದು ಕೊರತೆಯು ಇದಕ್ಕಿಂತ ಆಳವಾದದ್ದು. ಹಾನರ ದೃಷ್ಟಿಯಲ್ಲಿ ಕಡಲೂ ಬೆಟ್ಟವೂ ಮನುಷ್ಯನ ಚಾರಿತ್ರ್ಯವನ್ನು ಹದಗೊಳಿಸುವ ಸಾಣೆಕಲ್ಲುಗಳು. ಆ ಸಾಣೆಕಲ್ಲೇ ಸವೆದುಹೋದೀತೆಂಬ ಚಿಂತೆಯು ಅವರ ಕಾಲದಲ್ಲಿ ಹುಟ್ಟಿರಲಿಲ್ಲ.

ಅದು ಹುಟ್ಟಿದುದು ಅನಂತರದವರಲ್ಲಿ. ಅಮೆರಿಕೆಯ ಕೊಲೊರಾಡೋ ಶಾಖೆಯಲ್ಲಿ ಪರ್ವತಾರೋಹಣ ಕಲಿಸಿದ ಪಾಲ್ ಪೆಟ್ಜೋಲ್ಟ್ ಎಂಬವರು 1965ರಲ್ಲಿ ಬೇರೊಂದು ಶಾಲೆಯನ್ನು ಸ್ಥಾಪಿಸಿದರು. ಬೀಡುಬಿಟ್ಟ ತಾಣದಲ್ಲಿ ಬೂದಿಯನ್ನಾಗಲಿ ಕಸವನ್ನಾಗಲಿ ಉಳಿಸದೆ, ಬಂದುಹೋದ ಗುರುತೇ ಇಲ್ಲದಂತೆ ಮರಳುವ ಶಿಸ್ತು ಅಲ್ಲಿಯ ಶಿಕ್ಷಣದ ಅಂಗವಾಯಿತು. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಅಮೆರಿಕೆಯ ಅರಣ್ಯಗಳಿಗಾಗಿ ಹೋರಾಡಿದ ಜಾನ್ ಮ್ಯೂರ್‌ರ ಹೆಸರಿನಲ್ಲಿ ಬ್ರಿಟನ್ನಿನಲ್ಲಿ 1997ರಿಂದ ಕೊಡಲಾದ ಪಾರಿತೋಷಕಕ್ಕೆ ಕಾಡಿನಲ್ಲಿ ಅಲೆದರೆ ಸಾಲದಾಯಿತು. ಆ ಕಾಡಿನ ರಕ್ಷಣೆಗೂ ಕೈ ಹಚ್ಚಬೇಕಾಯಿತು.

ಹಾನರು 1974ರ ಡಿಸೆಂಬರ 14ರಂದು ಸಾಲೆಮಿನ ಬಳಿಯಲ್ಲಿಯೇ ದೇಹವಿಟ್ಟರು. ಅವರನ್ನು ಅಟ್ಟಿದ ರಾಜ್ಯವು ಅದಕ್ಕೆ ಸುಮಾರು ಮೂವತ್ತು ವರ್ಷ ಮೊದಲೇ ಮಣ್ಣುಗೂಡಿತ್ತು. ಅಟ್ಲಾಂಟಿಕ್ ಕಾಲೇಜಿನ ಬಳಗಕ್ಕೆ ಸೇರಿದ ವಿದ್ಯಾಲಯವೊಂದು 1997ರಲ್ಲಿ ನಮ್ಮ ದೇಶದಲ್ಲಿ ಪುಣೆಯ ಸಮೀಪ ತೆರೆಯಿತು. ಅದಿರುವದು ಸಹ್ಯಾದ್ರಿಯ ಗುಡ್ಡವೊಂದರ ಮೇಲೆ. ಅಲ್ಲಿ ಕಡಲಿಲ್ಲ, ಮುಂಗಾರಿನ ಮಳೆಯುಂಟು, ಬೇಸಗೆಯ ಕಾಡ್ಗಿಚ್ಚುಂಟು. ಅದೇ ಮಲೆಸಾಲು ದಕ್ಷಿಣಕ್ಕೆ ಸಾಗಿ ಬೆಳಗಾವಿಯ ಕಾಡುಗಳನ್ನು ಹಾಯ್ದು ಉತ್ತರ ಕನ್ನಡವನ್ನು ಸೇರುವದು.