ಗುಮಾಸ್ತನೊಬ್ಬ ಕಟ್ಟಿದ ಸಿನಿಮಾ ಊರು

ಹಾಲಿವುಡ್ ಅಂದ ತಕ್ಷಣ ನಮಗೆ ನೆನಪಾಗೋದು ನಟ ನಟಿಯರು, ಹೆಚ್ಚೆಂದರೆ ನಾಲ್ಕಾರು ನಿರ್ದೇಶಕರು. ದುಡ್ಡು ಹಾಕಿದವನ ಹೆಸರು ಯಾರಿಗೆ ಬೇಕು ಹೇಳಿ? ‘ಜುರಾಸಿಕ್ ಪಾರ್ಕ್’ ನೋಡಿದವರೆಲ್ಲ ಶುರುವಿನಲ್ಲಿ ಒಂದು ಭೂಗೋಳ ಬಂದು, ಅದರ ಸುತ್ತ ‘ಯೂನಿವರ್ಸಲ್’ ಅನ್ನೋ ಅಕ್ಷರಗಳು ಕಾಣಿಸಿದ್ದನ್ನು ನೋಡಿದ್ದೇವೆ. ಆ ಕಂಪನಿಯನ್ನು ಕಟ್ಟಿದವನು ಕಾರ್ಲ್ ಲೆಮ್ಲಿ. ಐದಡಿಗಿಂತ ಸ್ವಲ್ಪ ಎತ್ತರದ, ಯಾವಾಗಲೂ ನಗುಮುಖದ, ಜರ್ಮನ್ ಉಚ್ಚಾರಣೆಯ ಇಂಗ್ಲಿಷ್ ಮಾತಾಡುತ್ತಿದ್ದ ಮನುಷ್ಯ. ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ‘ಅಂಕಲ್ ಕಾರ್ಲ್’ ಅಂತಲೇ ಕರೆಯುತ್ತಿದ್ದರು.

ನಾನು ಇವನ ಬಗ್ಗೆ ಓದಲು ಶುರು ಮಾಡಿದ್ದು ಡ್ರಾಕುಲಾ, ಫ್ರಾಂಕೆನ್‌ಸ್ಟೈನ್ ಸಿನಿಮಾಗಳ ಮೇಲಿನ ಕುತೂಹಲದಿಂದ. ಆದರೆ ಓದುತ್ತಾ ಹೋದಂತೆ ಸಿನಿಮಾಗಳು ಹಿಂದೆ ಸರಿದು, ಸ್ಟುಡಿಯೋ ಕೈತಪ್ಪಿದ ಮೇಲಿನ ಅವನ ಮೂರು ವರ್ಷಗಳು ಮನಸ್ಸಿನಲ್ಲಿ ಉಳಿದುಬಿಟ್ಟವು. ಆ ಕಥೆ ಕೊನೆಗೆ ಬರುತ್ತೆ. ಮೊದಲು ಮೊದಲಿನಿಂದ ಹೇಳ್ತೀನಿ.

ಲೆಮ್ಲಿ ಹುಟ್ಟಿದ್ದು 1867ರ ಜನವರಿ 17ರಂದು, ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಲೌಪ್‌ಹೈಮ್ ಎಂಬ ಸಣ್ಣ ಊರಿನಲ್ಲಿ, ಯಹೂದಿ ವ್ಯಾಪಾರಿಯೊಬ್ಬನ ಮನೆಯಲ್ಲಿ. ಹತ್ತೊಂಬತ್ತನೇ ಶತಮಾನದ ನಡುವೆ ಆ ಸೀಮೆಯಲ್ಲೇ ಅತಿ ಹೆಚ್ಚು ಯಹೂದಿಗಳಿದ್ದ ಊರು ಅದು. ತಾಯಿ ತೀರಿಕೊಂಡ ಮರುವರ್ಷ, 1884ರಲ್ಲಿ, ಹದಿನೇಳರ ಹುಡುಗ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದಿಳಿದ. ಅಣ್ಣ ಜೋಸೆಫ್ ಆಗಲೇ ಶಿಕಾಗೋದಲ್ಲಿದ್ದ. ಮುಂದಿನ ಹತ್ತು ವರ್ಷ ಆ ಕೆಲಸ ಈ ಕೆಲಸ ಅಂತ ಅಲೆದಾಡಿ, ಕೊನೆಗೆ ವಿಸ್ಕಾನ್ಸಿನ್ ರಾಜ್ಯದ ಓಷ್‌ಕಾಶ್ ಎಂಬಲ್ಲಿ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ. ಆಮೇಲೆ ಅಲ್ಲೇ ಮ್ಯಾನೇಜರ್ ಆದ. ಯಜಮಾನನ ಸಂಬಂಧಿಕರ ಹುಡುಗಿ ರೇಖಾಳನ್ನೇ ಮದುವೆಯಾದ (ಹೌದು, ಹೆಸರು ನಮ್ಮ ರೇಖಾ ಇದ್ದ ಹಾಗೇ ಇದೆ!). ಸಂಸಾರ, ಸಂಬಳ... ಜೀವನ ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. 1906ರಲ್ಲಿ ಯಜಮಾನನ ಜೊತೆ ದುಡ್ಡಿನ ವಿಷಯಕ್ಕೆ ಮನಸ್ತಾಪವಾಗಿ ಕೆಲಸ ಬಿಟ್ಟ. ವಯಸ್ಸು ಮೂವತ್ತೊಂಬತ್ತು. ಕೂಡಿಟ್ಟ ದುಡ್ಡು ಹಿಡಿದು ಶಿಕಾಗೋಗೆ ಬಂದವನಿಗೆ ಬಟ್ಟೆ ಅಂಗಡಿ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಆದರೆ ಅಲ್ಲಿ ಒಂದು ‘ನಿಕಲೋಡಿಯನ್’ ಕಣ್ಣಿಗೆ ಬಿತ್ತು. ಐದು ಸೆಂಟಿನ ನಾಣ್ಯ (ನಿಕಲ್) ಕೊಟ್ಟರೆ ಕತ್ತಲೆ ಕೋಣೆಯಲ್ಲಿ ಕೂತು ಓಡುವ ಚಿತ್ರ ನೋಡಬಹುದಾದ ಜಾಗ. ಒಳಗೆ ಹೋದವರೆಲ್ಲ ಕೂಲಿಗಳು, ಹೊಸದಾಗಿ ವಲಸೆ ಬಂದವರು. ಸಿನಿಮಾಗೆ ಮಾತೇ ಇಲ್ಲದ ಕಾಲವಾದ್ದರಿಂದ ಭಾಷೆ ಬರಬೇಕು ಅನ್ನೋ ತಾಪತ್ರಯವೂ ಇಲ್ಲ. ಅದೇ ಫೆಬ್ರವರಿಯಲ್ಲಿ ಮಿಲ್ವಾಕಿ ಅವೆನ್ಯೂನಲ್ಲಿ ಇವನದೇ ಥಿಯೇಟರು ಶುರುವಾಯಿತು. ಮುಂಭಾಗಕ್ಕೆ ಬಿಳಿ ಬಣ್ಣ ಬಳಿಸಿ ‘ವೈಟ್ ಫ್ರಂಟ್’ ಅಂತ ಹೆಸರಿಟ್ಟ. ಇಂಥ ಜಾಗ ಅಂದರೆ ಗಲೀಜು ಅಂತ ಮೂಗು ಮುರಿಯುತ್ತಿದ್ದ ಸಂಸಾರಸ್ಥರನ್ನು ಒಳಗೆ ಕರೆಸುವ ಉಪಾಯ ಅದು. ಬಟ್ಟೆ ಅಂಗಡಿಯವನ ಬುದ್ಧಿ ನೋಡಿ!

ಸ್ವಲ್ಪ ದಿನಕ್ಕೇ ಸಿನಿಮಾ ರೀಲುಗಳನ್ನು ಬಾಡಿಗೆಗೆ ಕೊಡುವ ಕಂಪನಿಯನ್ನೂ ತೆರೆದ. ಇನ್ನೇನು ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಎದುರಿಗೆ ಬಂದು ನಿಂತವನು ಥಾಮಸ್ ಆಲ್ವ ಎಡಿಸನ್.

ಶಾಲೆಯ ಪಾಠದಲ್ಲಿ ನಾವು ಓದಿದ ಎಡಿಸನ್ ಬಲ್ಬು ಉರಿಸಿದ ಮಹಾತ್ಮ. ಆದರೆ ಸಿನಿಮಾದವರ ಪಾಲಿಗೆ ಅವನು ಪೇಟೆಂಟ್ ಕಾಗದ ಹಿಡಿದು ಬಾಗಿಲಲ್ಲಿ ನಿಂತ ವಸೂಲಿದಾರ. 1908ರ ಡಿಸೆಂಬರಿನಲ್ಲಿ ಎಡಿಸನ್, ಬಯೋಗ್ರಾಫ್ ಮತ್ತಿತರ ದೊಡ್ಡ ಕಂಪನಿಗಳೆಲ್ಲ ಸೇರಿ ‘ಮೋಷನ್ ಪಿಕ್ಚರ್ ಪೇಟೆಂಟ್ಸ್ ಕಂಪನಿ’ ಮಾಡಿಕೊಂಡವು. ಜನ ಇದನ್ನು ‘ಟ್ರಸ್ಟ್’ ಅನ್ನುತ್ತಿದ್ದರು. ಕ್ಯಾಮೆರಾ, ಪ್ರೊಜೆಕ್ಟರ್ ಎರಡರ ಪೇಟೆಂಟೂ ಅವರ ಕೈಯಲ್ಲಿ. ಈಸ್ಟ್‌ಮನ್ ಕೊಡಾಕ್ ಕಂಪನಿ ಅವರಿಗೆ ಮಾತ್ರ ಫಿಲ್ಮ್ ಕೊಡಬೇಕು ಅಂತ ಒಪ್ಪಂದ ಬೇರೆ. ಪ್ರೊಜೆಕ್ಟರ್ ಓಡಿಸುವ ಪ್ರತಿ ಥಿಯೇಟರಿನವನೂ ವಾರಕ್ಕೆ ಎರಡು ಡಾಲರ್ ಕಪ್ಪ ಕೊಡಬೇಕು. ಅವರು ಕೊಟ್ಟ ಸಿನಿಮಾವನ್ನೇ ತೋರಿಸಬೇಕು.

1909ರ ಏಪ್ರಿಲಿನಲ್ಲಿ ಲೆಮ್ಲಿ ಕೊಡೋದಿಲ್ಲ ಅಂದುಬಿಟ್ಟ. ಟ್ರಸ್ಟಿನಿಂದ ಸಿನಿಮಾ ಬರುವುದು ನಿಂತಮೇಲೆ ಬೇರೆ ದಾರಿ ಏನಿದೆ? ತಾನೇ ಸಿನಿಮಾ ತೆಗೆಯಬೇಕು. ಹಾಗೆ ಹುಟ್ಟಿದ್ದು ‘ಇಂಡಿಪೆಂಡೆಂಟ್ ಮೂವಿಂಗ್ ಪಿಕ್ಚರ್ಸ್’. ಚಿಕ್ಕದಾಗಿ ‘ಇಂಪ್’, ಅಂದರೆ ಇಂಗ್ಲಿಷಿನಲ್ಲಿ ತುಂಟ ಪಿಶಾಚಿ. ಟ್ರಸ್ಟು ಇವನ ಮೇಲೆ ಕೇಸಿನ ಮೇಲೆ ಕೇಸು ಜಡಿಯಿತು. ಒಟ್ಟು 289 ಅಂತ ಇವನ ಚರಿತ್ರೆ ಬರೆದವರು ಲೆಕ್ಕ ಕೊಡುತ್ತಾರೆ. ಇವನು ಪತ್ರಿಕೆಗಳಲ್ಲಿ ಟ್ರಸ್ಟನ್ನು ಗೇಲಿ ಮಾಡುವ ಜಾಹೀರಾತು ಹಾಕಿಸುತ್ತಾ ಕೋರ್ಟಿಗೆ ಅಲೆದ. 1915ರಲ್ಲಿ ಫೆಡರಲ್ ಕೋರ್ಟು ಟ್ರಸ್ಟಿನ ಏಕಸ್ವಾಮ್ಯ ಕಾನೂನುಬಾಹಿರ ಅಂದಿತು. 1917ರಲ್ಲಿ ಯೂನಿವರ್ಸಲ್ ಪ್ರತಿವಾದಿಯಾಗಿದ್ದ ಮೊಕದ್ದಮೆಯಲ್ಲೇ ಅಮೆರಿಕದ ಸುಪ್ರೀಂ ಕೋರ್ಟು, ಯಂತ್ರಕ್ಕೆ ಪೇಟೆಂಟ್ ಇದೆ ಅಂತ ಅದರಲ್ಲಿ ಯಾವ ಫಿಲ್ಮ್ ಓಡಿಸಬೇಕು ಅನ್ನೋದನ್ನೂ ನೀವೇ ಹೇಳುವ ಹಾಗಿಲ್ಲ ಅಂತ ತೀರ್ಪು ಕೊಟ್ಟಿತು. ಸಾಫ್ಟ್‌ವೇರ್ ಕೆಲಸದಲ್ಲಿರುವ ಗೆಳೆಯರಿಗೆ ಈ ಜಗಳ ಎಲ್ಲೋ ಕೇಳಿದ ಹಾಗಿದೆ ಅನ್ನಿಸಬಹುದು :-)

ಹಾಗಂತ ಲೆಮ್ಲಿ ಸತ್ಯಹರಿಶ್ಚಂದ್ರನೇನಲ್ಲ. ಆಗ ಬಯೋಗ್ರಾಫ್ ಕಂಪನಿ ತನ್ನ ನಟರ ಹೆಸರು ಹಾಕುತ್ತಿರಲಿಲ್ಲ, ಹೆಸರು ಬಂದರೆ ಸಂಬಳ ಜಾಸ್ತಿ ಕೇಳುತ್ತಾರೆ ಅಂತ. ಅಲ್ಲಿನ ಜನಪ್ರಿಯ ನಟಿ ಬರೀ ‘ಬಯೋಗ್ರಾಫ್ ಹುಡುಗಿ’. ಅವಳು ಫ್ಲಾರೆನ್ಸ್ ಲಾರೆನ್ಸ್. ಲೆಮ್ಲಿ ಅವಳನ್ನು ಇಂಪ್‌ಗೆ ಕರೆತಂದ. 1910ರಲ್ಲಿ ಅವಳು ಟ್ರಾಮ್ ಅಪಘಾತದಲ್ಲಿ ಸತ್ತಳು ಅಂತ ಗುಲ್ಲು. ಕೂಡಲೇ ಇಂಪ್‌ನ ಜಾಹೀರಾತು: ಅದು ನಮ್ಮ ಶತ್ರುಗಳು ಹಬ್ಬಿಸಿದ ಸುಳ್ಳು, ಆಕೆ ಗುಂಡುಕಲ್ಲಿನ ಹಾಗಿದ್ದಾಳೆ, ಮುಂದಿನ ಚಿತ್ರ ಇಂಥದ್ದು ಅಂತ! ಆ ಗುಲ್ಲು ಎಬ್ಬಿಸಿದ್ದೇ ಇವರು ಅಂತ ಚರಿತ್ರೆಕಾರರ ಅನುಮಾನ. ನಂತರ ಸೇಂಟ್ ಲೂಯಿಸ್ ನಗರಕ್ಕೆ ಆಕೆ ಬಂದಾಗ ರೈಲ್ವೆ ಸ್ಟೇಷನ್ನಿನಲ್ಲಿ ಜನವೋ ಜನ. ‘ಸ್ಟಾರ್’ ಅನ್ನೋ ವ್ಯವಹಾರ ಕುದುರಿದ್ದರಲ್ಲಿ ಈ ಘಟನೆಯ ಪಾಲು ದೊಡ್ಡದು. ಪಾಪ, ಆ ಫ್ಲಾರೆನ್ಸ್ ಮುಂದೆ ಸಣ್ಣಪುಟ್ಟ ಪಾತ್ರಗಳಿಗೆ ಇಳಿದು, 1938ರಲ್ಲಿ ಆತ್ಮಹತ್ಯೆ ಮಾಡಿಕೊಂಡಳು. ಸ್ಟಾರ್ ಮಾಡುವವರ ಕಥೆ ಹೇಳುವಾಗ ಇದನ್ನು ಬಿಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ.

1912ರಲ್ಲಿ ಇಂಪ್ ಮತ್ತು ಇತರ ಕೆಲವು ಸ್ವತಂತ್ರ ಕಂಪನಿಗಳು ಸೇರಿ ಯೂನಿವರ್ಸಲ್ ಆಯಿತು. ಪಾಲುದಾರರ ಒಳಜಗಳಗಳಲ್ಲಿ ಗೆದ್ದು ಉಳಿದವನು ಲೆಮ್ಲಿ. ಲಾಸ್ ಏಂಜಲೀಸ್ ಪಕ್ಕದ ಸಾನ್ ಫರ್ನಾಂಡೋ ಕಣಿವೆಯಲ್ಲಿ 230 ಎಕರೆ ಜಮೀನು ಕೊಂಡು, 1915ರ ಮಾರ್ಚ್ 15ರಂದು ‘ಯೂನಿವರ್ಸಲ್ ಸಿಟಿ’ ತೆರೆದ. ಅಂಚೆ ಕಚೇರಿ, ಪೊಲೀಸು, ಅಗ್ನಿಶಾಮಕ ದಳ, ಪ್ರಾಣಿಗಳಿಗೆ ಮೃಗಾಲಯ... ಸಿನಿಮಾಕ್ಕಾಗಿಯೇ ಒಂದು ಊರು. ಇಪ್ಪತ್ತೈದು ಸೆಂಟು ಕೊಟ್ಟರೆ ಜನ ಮೆಟ್ಟಿಲ ಮೇಲೆ ಕೂತು ಶೂಟಿಂಗ್ ನೋಡಬಹುದು. ಮೂಕಿ ಚಿತ್ರ ತಾನೇ, ಜನ ಕೂಗಿದರೂ ಚಪ್ಪಾಳೆ ಹೊಡೆದರೂ ಏನೂ ತೊಂದರೆ ಇಲ್ಲ! ಜಮೀನಿನಲ್ಲಿ ಕೋಳಿ ಸಾಕಿ, ಬಂದವರಿಗೆ ಮೊಟ್ಟೆಯನ್ನೂ ಮಾರುತ್ತಿದ್ದ. ಮರುವರ್ಷವೇ, 1916ರಲ್ಲಿ, ಯೂನಿವರ್ಸಲ್ ಭಾರತದಲ್ಲೂ ಹಂಚಿಕೆ ಕಚೇರಿ ತೆರೆಯಿತು. ಹಾಲಿವುಡ್ ಕಂಪನಿಗಳಲ್ಲಿ ನಮ್ಮಲ್ಲಿಗೆ ಹೀಗೆ ಮೊದಲು ಬಂದದ್ದು ಅದೇ.

ಆ ಕಾಲಕ್ಕೆ ಅಚ್ಚರಿ ಅನ್ನಿಸುವ ಇನ್ನೊಂದು ಸಂಗತಿ. ಲೋಯಿಸ್ ವೆಬರ್, ಐಡಾ ಮೇ ಪಾರ್ಕ್, ಕ್ಲಿಯೋ ಮ್ಯಾಡಿಸನ್ ಮೊದಲಾದ ಹಲವು ಹೆಂಗಸರು ಅಲ್ಲಿ ನಿರ್ದೇಶಕಿಯರಾಗಿದ್ದರು. ಅಮೆರಿಕದ ಹೆಂಗಸರಿಗೆ ದೇಶದುದ್ದಕ್ಕೂ ಮತದಾನದ ಹಕ್ಕು ಸಿಕ್ಕಿದ್ದೇ 1920ರಲ್ಲಿ ಅನ್ನೋದನ್ನು ನೆನಪಿಟ್ಟುಕೊಂಡು ಇದನ್ನು ಓದಿ. ಹಾಗೇ, ತನ್ನ ಕಚೇರಿಯಲ್ಲಿ ಕಾರ್ಯದರ್ಶಿಯಾಗಿದ್ದ ಅರ್ವಿಂಗ್ ಥಾಲ್‌ಬರ್ಗ್ ಎಂಬ ಹುಡುಗನಿಗೆ ಇಪ್ಪತ್ತರ ವಯಸ್ಸಿನಲ್ಲಿ ಇಡೀ ಸ್ಟುಡಿಯೋ ವಹಿಸಿಕೊಟ್ಟ. 1923ರಲ್ಲಿ ಆ ಹುಡುಗ ಬಿಟ್ಟುಹೋಗಿ ಲೂಯಿ ಮೇಯರ್ ಜೊತೆ ಸೇರಿ, ಎಂಜಿಎಂ ಸ್ಟುಡಿಯೋದ ಜೀವಾಳವಾದ.

ಇನ್ನು ಲೆಮ್ಲಿಯ ದೊಡ್ಡ ದೌರ್ಬಲ್ಯ. ನೆಂಟರು! ಜರ್ಮನಿಯಿಂದ ಅಣ್ಣತಮ್ಮಂದಿರ ಮಕ್ಕಳು, ಅವರ ಮಕ್ಕಳು, ಊರಿನವರು, ಪರಿಚಯದವರು ಎಲ್ಲರಿಗೂ ಸ್ಟುಡಿಯೋದಲ್ಲಿ ಒಂದೊಂದು ಕೆಲಸ. ಇದು ಹಾಲಿವುಡ್ಡಿನಲ್ಲೆಲ್ಲ ನಗೆಪಾಟಲಾಗಿತ್ತು. ಆದರೆ ಹಾಗೆ ಬಂದ ದೂರದ ನೆಂಟ ಹುಡುಗರಲ್ಲಿ ಒಬ್ಬ ವಿಲಿಯಂ ವೈಲರ್. ‘ಬೆನ್ ಹರ್’ ತೆಗೆದವನು, ಮೂರು ಸಲ ಶ್ರೇಷ್ಠ ನಿರ್ದೇಶಕ ಆಸ್ಕರ್ ಗೆದ್ದವನು. ಮಗ ಕಾರ್ಲ್ ಜೂನಿಯರ್‌ಗಂತೂ ಇಪ್ಪತ್ತೊಂದನೇ ವಯಸ್ಸಿಗೆ ನಿರ್ಮಾಣ ವಿಭಾಗವನ್ನೇ ಒಪ್ಪಿಸಿದ. ಎಲ್ಲರೂ ನಕ್ಕರು. ಆ ಹುಡುಗ 1931ರಲ್ಲಿ ‘ಡ್ರಾಕುಲಾ’, ‘ಫ್ರಾಂಕೆನ್‌ಸ್ಟೈನ್’ ಎರಡನ್ನೂ ಕೊಟ್ಟ. ಅದಕ್ಕೂ ಮೊದಲು 1930ರಲ್ಲಿ, ರಿಮಾರ್ಕನ ಕಾದಂಬರಿ ಆಧರಿಸಿದ ‘ಆಲ್ ಕ್ವಯಟ್ ಆನ್ ದಿ ವೆಸ್ಟರ್ನ್ ಫ್ರಂಟ್’. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸಿಪಾಯಿ ಹುಡುಗರು ಹೇಗೆ ಸತ್ತರು ಅನ್ನುವ ಚಿತ್ರ. ಶ್ರೇಷ್ಠ ಚಿತ್ರದ ಆಸ್ಕರ್ ಅದಕ್ಕೇ ಬಂತು.

ಲೆಮ್ಲಿಗೆ ಈ ಚಿತ್ರ ಬರೀ ವ್ಯಾಪಾರವಾಗಿರಲಿಲ್ಲ. ಯುದ್ಧದ ಸಮಯದಲ್ಲಿ, 1918ರಲ್ಲಿ, ಅವನ ಕಂಪನಿಯಿಂದ ಜರ್ಮನ್ ದೊರೆ ಕೈಸರನನ್ನು ರಾಕ್ಷಸನಾಗಿ ತೋರಿಸಿದ ಚಿತ್ರ ಬಂದಿತ್ತು. ಹುಟ್ಟಿದ ನಾಡಿನವರಿಗೆ ಅದರ ಸಿಟ್ಟು ಹೋಗಿರಲಿಲ್ಲ. ಯುದ್ಧ ಮುಗಿದಮೇಲೆ ಲೌಪ್‌ಹೈಮಿನ ಬಡವರಿಗೆ ಧಾರಾಳವಾಗಿ ಕೊಟ್ಟಿದ್ದ, ಊರೂ ಇವನನ್ನು ಗೌರವ ನಾಗರಿಕ ಅಂತ ಮಾಡಿತ್ತು. ಜರ್ಮನ್ ಹುಡುಗರ ನೋವನ್ನು ಲೋಕಕ್ಕೆ ತೋರಿಸುವ ಚಿತ್ರದಿಂದ ಹಳೆಯದೆಲ್ಲ ಮರೆತುಹೋಗುತ್ತೆ ಅಂತ ಅವನು ನಂಬಿದ್ದರೆ ಆಶ್ಚರ್ಯವಿಲ್ಲ.

ಆದದ್ದೇ ಬೇರೆ. 1930ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಥಿಯೇಟರಿಗೆ ಗೊಬೆಲ್ಸ್ ಮುಂದಾಳತ್ವದಲ್ಲಿ ನಾಜಿಗಳು ನುಗ್ಗಿದರು. ಗಬ್ಬುನಾತದ ಬಾಂಬು ಎಸೆದು, ಬಿಳಿ ಇಲಿಗಳನ್ನು ಬಿಟ್ಟು ಪ್ರದರ್ಶನ ನಿಲ್ಲಿಸಿದರು. ಒಂದು ವಾರದೊಳಗೆ ಸೆನ್ಸಾರಿನವರು ಚಿತ್ರವನ್ನು ನಿಷೇಧಿಸಿದರು. ಗಮನಿಸಿ, ಆಗಿನ್ನೂ ಹಿಟ್ಲರ್ ಅಧಿಕಾರಕ್ಕೆ ಬಂದಿರಲಿಲ್ಲ! ಮರುವರ್ಷ ನಿಷೇಧ ತೆಗೆಸಲು ಯೂನಿವರ್ಸಲ್ ಚಿತ್ರವನ್ನು ಕತ್ತರಿಸಿ ಕೊಟ್ಟಿತು. ಆ ಕತ್ತರಿಸಿದ ಪ್ರತಿಯನ್ನೇ ಬೇರೆ ದೇಶಗಳಲ್ಲೂ ತೋರಿಸುತ್ತೇವೆ ಅಂತ ಒಪ್ಪಿಕೊಂಡಿತು. ಎಡಿಸನ್ನನಿಗೆ ಬಗ್ಗದವನು ಇಲ್ಲಿ ಬಗ್ಗಿದ. ನನಗೆ ಇದನ್ನು ಓದಿ ಬೇಜಾರಾಯಿತು. ಆದರೆ ಕಥೆ ಇಲ್ಲಿಗೇ ನಿಲ್ಲಲಿಲ್ಲ. 1932ರ ಜನವರಿಯಲ್ಲೇ ಅವನು ಪತ್ರಿಕಾ ದೊರೆ ಹರ್ಸ್ಟ್‌ಗೆ ಕಾಗದ ಬರೆದು, ಹಿಟ್ಲರ್ ಬಂದರೆ ಯಹೂದಿಗಳ ಗತಿ ಏನಾಗುತ್ತದೆ ಎಂದು ಎಚ್ಚರಿಸಿದ್ದ.

ಇತ್ತ ಸ್ಟುಡಿಯೋ ಸಾಲದಲ್ಲಿ ಮುಳುಗುತ್ತಿತ್ತು. ಮಗನ ಚಿತ್ರಗಳಿಗೆ ಖರ್ಚು ಮಿತಿಮೀರಿತ್ತು. ‘ಶೋ ಬೋಟ್’ ಚಿತ್ರಕ್ಕಾಗಿ ಏಳೂವರೆ ಲಕ್ಷ ಡಾಲರ್ ಸಾಲ ತಂದಾಗ, ಬೇಕಾದರೆ ಕಂಪನಿಯನ್ನೇ ಕೊಳ್ಳುವ ಹಕ್ಕನ್ನು ಸಾಲಗಾರರಿಗೆ ಬರೆದುಕೊಟ್ಟಿದ್ದ. 1936ರಲ್ಲಿ ಅವರು ಆ ಹಕ್ಕು ಚಲಾಯಿಸಿದರು. ಸುಮಾರು 55 ಲಕ್ಷ ಡಾಲರಿಗೆ ಯೂನಿವರ್ಸಲ್ ಕೈಬಿಟ್ಟಿತು. ‘ಶೋ ಬೋಟ್’ ಚೆನ್ನಾಗಿ ಓಡಿತು, ಆದರೆ ಆಗ ಮಾಲೀಕ ಬೇರೆ.

ಈಗ ನಾನು ಮೊದಲಿಗೆ ಹೇಳಿದ ಆ ಮೂರು ವರ್ಷ. ಅರವತ್ತೊಂಬತ್ತರ ಲೆಮ್ಲಿ ಆರಾಮಾಗಿ ಕೂರಬಹುದಿತ್ತು. ಜರ್ಮನಿಯಲ್ಲಿ ಸಿಕ್ಕಿಬಿದ್ದ ಯಹೂದಿಗಳು ಅಮೆರಿಕಕ್ಕೆ ಬರಬೇಕಾದರೆ ‘ಅಫಿಡವಿಟ್’ ಬೇಕು. ಅಂದರೆ ಅಮೆರಿಕದಲ್ಲಿರುವ ಒಬ್ಬರು, ಇವರು ಸರ್ಕಾರಕ್ಕೆ ಭಾರವಾಗುವುದಿಲ್ಲ, ಇವರ ಜವಾಬ್ದಾರಿ ನನ್ನದು ಅಂತ ತನ್ನ ಆಸ್ತಿ, ಆದಾಯದ ಲೆಕ್ಕ ಕೊಟ್ಟು ಬರೆದುಕೊಡುವ ಮುಚ್ಚಳಿಕೆ. ಲೆಮ್ಲಿ ಬರೆದುಕೊಡುತ್ತಾ ಹೋದ. ನೆಂಟರಿಗೆ, ಲೌಪ್‌ಹೈಮಿನವರಿಗೆ, ಕೊನೆಗೆ ಮುಖವನ್ನೇ ನೋಡಿರದವರಿಗೆ. ಇಷ್ಟು ವಯಸ್ಸಾದವನು ಇಷ್ಟೊಂದು ಜನರನ್ನು ಹೇಗೆ ಸಾಕುತ್ತಾನೆ ಅಂತ ಸ್ಟುಟ್‌ಗಾರ್ಟಿನ ಅಮೆರಿಕನ್ ಕಾನ್ಸುಲೇಟಿನವರು ತಕರಾರು ತೆಗೆದರು. 1938ರಲ್ಲಿ ವಿದೇಶಾಂಗ ಕಾರ್ಯದರ್ಶಿ ಕಾರ್ಡೆಲ್ ಹಲ್‌ಗೇ ಕಾಗದ ಬರೆದು ಬೇಡಿಕೊಂಡ. ತನ್ನ ಸಹಿ ನಡೆಯದ ಕಡೆ ಗೆಳೆಯರನ್ನು, ಬಂಧುಗಳನ್ನು ಕಾಡಿ ಸಹಿ ಹಾಕಿಸಿದ. ಹೀಗೆ ಉಳಿದವರು 300ಕ್ಕೂ ಹೆಚ್ಚು ಜನ ಅಂತ ಲೆಕ್ಕ.

ನೆಂಟರಿಗೆಲ್ಲ ಕೆಲಸ ಕೊಡುತ್ತಾನೆ ಅಂತ ಊರೆಲ್ಲ ನಕ್ಕಿತ್ತಲ್ಲ, ಆ ಗುಣವೇ ಅಲ್ಲವೇ ಇದು? ತನ್ನವರು ಅನ್ನುವ ಗೆರೆಯನ್ನು ಸ್ವಲ್ಪ ಸ್ವಲ್ಪವೇ ದೂರಕ್ಕೆ ಎಳೆಯುತ್ತಾ ಹೋದ, ಅಷ್ಟೆ. ಸ್ಟುಡಿಯೋ ಮುಳುಗಿಸಿದ ದೌರ್ಬಲ್ಯವೇ ಮುನ್ನೂರು ಜೀವ ಉಳಿಸಿತು ಅಂದರೆ ಅತಿಯಾಯಿತು ಅನ್ನಬಹುದು ನೀವು. ನನಗೆ ಹಾಗೇ ಕಾಣುತ್ತೆ.

ಲೆಮ್ಲಿ 1939ರ ಸೆಪ್ಟೆಂಬರ್ 24ರಂದು ತೀರಿಕೊಂಡ. ಎರಡನೇ ಮಹಾಯುದ್ಧ ಶುರುವಾಗಿ ಇನ್ನೂ ಒಂದು ತಿಂಗಳೂ ಆಗಿರಲಿಲ್ಲ. (ಮಗ ಜೂನಿಯರ್ ಸತ್ತದ್ದೂ ಅದೇ ದಿನಾಂಕ, ಸರಿಯಾಗಿ ನಲವತ್ತು ವರ್ಷದ ನಂತರ, 1979ರಲ್ಲಿ.) ಲೌಪ್‌ಹೈಮಿನಲ್ಲಿ ಉಳಿದಿದ್ದ ಯಹೂದಿಗಳನ್ನು 1941-42ರಲ್ಲಿ ರೈಲಿಗೆ ತುಂಬಿ ಸಾಗಿಸಿದರು. ಅಲ್ಲಿಗೆ ಆ ಊರಿನ ಯಹೂದಿಗಳ ಕಥೆ ಮುಗಿಯಿತು. ಈಗ ಅಲ್ಲಿನ ಒಂದು ಹೈಸ್ಕೂಲಿಗೆ ಕಾರ್ಲ್ ಲೆಮ್ಲಿಯ ಹೆಸರಿದೆ. 2017ರಿಂದ ಅವನ ಹೆಸರಿನಲ್ಲಿ ಸಿನಿಮಾ ನಿರ್ಮಾಪಕರಿಗೆ ಪ್ರಶಸ್ತಿಯನ್ನೂ ಕೊಡುತ್ತಿದ್ದಾರೆ.

ಒಳ್ಳೆಯದೇ. ಆದರೆ ಅವನ ಸಿನಿಮಾಗಳಿಗಿಂತ ಆ ಮುಚ್ಚಳಿಕೆ ಕಾಗದಗಳೇ ನನಗೆ ದೊಡ್ಡದಾಗಿ ಕಾಣುತ್ತವೆ. ಓಷ್‌ಕಾಶಿನ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಕೈ ಕೊನೆಗೆ ಬರೆದದ್ದೂ ಲೆಕ್ಕವನ್ನೇ. ನನ್ನ ಹತ್ತಿರ ಇಷ್ಟಿದೆ, ಇವರನ್ನು ಒಳಗೆ ಬಿಡಿ ಅಂತ.