ಅತಿನೇರಳೆ ಬೆಳಕಿನಲ್ಲಿ ನೆರೆಯ ಅಂತರತಾರಾ ಅನಿಲದ ಸಂಯೋಜನೆ

ಸೂರ್ಯನ ನೆರೆಯ ಅಂತರತಾರಾ ಅನಿಲ ತೀರಾ ತೆಳು. ಒಂದು ಘನ ಸೆಂಟಿಮೀಟರಿಗೆ ಜಲಜನಕದ ಒಂದು ಪರಮಾಣುವೂ ಸರಾಸರಿಯಲ್ಲಿ ದಕ್ಕುವುದಿಲ್ಲ. ಅದರಲ್ಲಿ ಏನಿದೆ, ಎಷ್ಟಿದೆ ಎಂಬುದನ್ನು ಹಿಂದಿನ ನಕ್ಷತ್ರದ ಬೆಳಕಿನಲ್ಲಿ ಅದು ಮೂಡಿಸುವ ಕಪ್ಪು ಗೆರೆಗಳಿಂದಲೇ ತಿಳಿಯಬೇಕು. 1904ರಲ್ಲಿ ಹಾರ್ಟ್‌ಮನ್ ಡೆಲ್ಟಾ ಒರಾಯನಿಸ್ ಎಂಬ ಜೋಡಿತಾರೆಯ ರೋಹಿತದಲ್ಲಿ, ತಾರೆಯ ಓಲಾಟದಲ್ಲಿ ಪಾಲುಗೊಳ್ಳದ ಕ್ಯಾಲ್ಸಿಯಂ ಗೆರೆಯೊಂದನ್ನು ಗುರುತಿಸಿದ್ದು ಇದಕ್ಕೆ ಮೊದಲ ಸುಳಿವು.

ಆದರೆ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಗುರುತು ಬಿಡುವ ಧಾತುಗಳು ಕೆಲವೇ. ಇಷ್ಟು ವಿರಳ ಅನಿಲದಲ್ಲಿ ಪರಮಾಣುಗಳು ಬಹುಪಾಲು ಕನಿಷ್ಠ ಶಕ್ತಿಸ್ಥಿತಿಯಲ್ಲಿರುತ್ತವೆ. ಅಲ್ಲಿಂದ ಮೇಲೇರಲು ಜಲಜನಕ 121.6, ಆಮ್ಲಜನಕ 130.2, ಅಯಾನೀಕೃತ ಮೆಗ್ನೀಸಿಯಂ ಸುಮಾರು 280 ನ್ಯಾನೊಮೀಟರಿನ ಬೆಳಕನ್ನು ಹೀರುತ್ತವೆ. ಇವೆಲ್ಲ ವಾತಾವರಣ ನೆಲಕ್ಕೆ ಇಳಿಯಗೊಡದ ಅತಿನೇರಳೆ ಕಿರಣಗಳು. ಹೀಗಾಗಿ 1972ರಲ್ಲಿ ಕಕ್ಷೆಗೇರಿದ ಕೊಪರ್ನಿಕಸ್ ಉಪಗ್ರಹದಿಂದಲೇ ಈ ಅಳತೆಗೆ ನಿಜವಾದ ಬಲ ಬಂತು.

ಗೆರೆ ಎಷ್ಟು ಬೆಳಕನ್ನು ನುಂಗಿದೆ ಎಂಬುದರಿಂದ ದೃಷ್ಟಿರೇಖೆಯ ಉದ್ದಕ್ಕೂ ಇರುವ ಪರಮಾಣುಗಳ ಎಣಿಕೆ ಸಿಗುತ್ತದೆ. ಗೆರೆ ಪೂರ್ತಿ ಕಪ್ಪಾದರೆ ಮಾತ್ರ ಈ ಲೆಕ್ಕ ಕೈಕೊಡುತ್ತದೆ. ಪರಮಾಣುಗಳು ಇಮ್ಮಡಿಯಾದರೂ ಗೆರೆ ಅಷ್ಟಾಗಿ ಹಿಗ್ಗುವುದಿಲ್ಲ. ಆಗ ಅದೇ ಧಾತುವಿನ ದುರ್ಬಲ ಗೆರೆಗಳೇ ಹೆಚ್ಚು ನಂಬಿಕೆಗೆ ಅರ್ಹ. ಹೀಗೆ ಎಣಿಸಿದಾಗ ಜೀಟಾ ಒಫಿಯುಕಿ ತಾರೆಯ ದಿಕ್ಕಿನ ಅನಿಲದಲ್ಲಿ, ಸೂರ್ಯನ ಸಂಯೋಜನೆಗೆ ಹೋಲಿಸಿದರೆ, ಕಬ್ಬಿಣ ನೂರಕ್ಕೆ ಒಂದು ಪಾಲೂ ಇಲ್ಲ. ಉಳಿದದ್ದು ಧೂಳಿನ ಕಣಗಳಲ್ಲಿ ಗಟ್ಟಿಗೊಂಡಿದೆ. ಹೆಚ್ಚಿನ ಉಷ್ಣತೆಯಲ್ಲೇ ಘನವಾಗುವ ಧಾತುಗಳ ಕೊರತೆಯೇ ಹೆಚ್ಚು ಎಂಬುದು ಈ ನಿರ್ಣಯಕ್ಕೆ ಗಟ್ಟಿ ಆಧಾರ.

ಈ ವಿಧಾನದ ಸೂಕ್ಷ್ಮತೆ ಎದ್ದು ಕಾಣುವುದು ಜಲಜನಕದ ಭಾರ ರೂಪವಾದ ಡ್ಯೂಟೀರಿಯಂ ವಿಷಯದಲ್ಲಿ. ಅದರ ಗೆರೆ ಜಲಜನಕದ ಗೆರೆಗಿಂತ ಕೇವಲ 0.033 ನ್ಯಾನೊಮೀಟರ್ ಈಚೆಗಿದೆ. ದೂರದ ತಾರೆಗಳ ದಿಕ್ಕಿನಲ್ಲಿ ಜಲಜನಕದ ಅಗಲ ಗೆರೆ ಅದನ್ನು ಮುಚ್ಚಿಬಿಡುತ್ತದೆ. ಸುಮಾರು 43 ಜ್ಯೋತಿರ್ವರ್ಷ ದೂರದ ಬ್ರಹ್ಮಹೃದಯದತ್ತ ಅನಿಲ ಕಡಿಮೆಯಿರುವುದರಿಂದ ಎರಡೂ ಬೇರೆಬೇರೆಯಾಗಿ ಕಾಣುತ್ತವೆ. ಲಿನ್ಸ್ಕಿ ಮತ್ತು ಸಹೋದ್ಯೋಗಿಗಳು ಹಬಲ್ ದೂರದರ್ಶಕದಿಂದ ಈ ಜೋಡಿತಾರೆಯನ್ನು ಕಕ್ಷೆಯ ಬೇರೆ ಬೇರೆ ಹಂತಗಳಲ್ಲಿ ನೋಡಿ, ತಾರೆಯ ಸ್ವಂತ ಬೆಳಕಿನ ಆಕಾರವನ್ನು ಅನಿಲದ ಗುರುತಿನಿಂದ ಬೇರ್ಪಡಿಸಿದರು. ಹತ್ತು ಲಕ್ಷ ಜಲಜನಕಕ್ಕೆ ಸುಮಾರು 16 ಡ್ಯೂಟೀರಿಯಂ ಎಂಬುದು 1995ರಲ್ಲಿ ಅವರು ಪ್ರಕಟಿಸಿದ ಬೆಲೆ. ಮಹಾಸ್ಫೋಟದಲ್ಲಿ ಹುಟ್ಟಿದ ಪ್ರಮಾಣ ಸುಮಾರು 25. ನಕ್ಷತ್ರಗಳ ಒಡಲಲ್ಲಿ ಡ್ಯೂಟೀರಿಯಂ ಸುಡುತ್ತದೆಯಾದ್ದರಿಂದ ಇಳಿಕೆ ಸಹಜವೇ. ಆದರೆ 1999ರಲ್ಲಿ ಹಾರಿದ ಫ್ಯೂಸ್ ಉಪಗ್ರಹ, ದುರ್ಬಲ ಗೆರೆಗಳ ನೆರವಿನಿಂದ, ಇನ್ನೂ ದೂರದ ದಿಕ್ಕುಗಳಲ್ಲಿ ಈ ಬೆಲೆ ಗಣನೀಯವಾಗಿ ಏರಿಳಿಯುವುದನ್ನು ತೋರಿಸಿತು. ಕಬ್ಬಿಣ ಕಡಿಮೆಯಿರುವೆಡೆ ಡ್ಯೂಟೀರಿಯಂ ಕೂಡ ಕಡಿಮೆಯಿರುವ ಒಲವು ಕಂಡಿದೆ. ಆದ್ದರಿಂದ ಅದರ ಒಂದು ಪಾಲು ಸುಟ್ಟುಹೋಗದೆ ಧೂಳಿಗೆ ಅಂಟಿಕೊಂಡಿರಬೇಕೆಂಬ ವಿವರಣೆಯೇ ಹೆಚ್ಚು ಸಮಂಜಸ.