ತೊಪ್ಪೂರು ಇಳಿಜಾರು: ಸಂಪರ್ಕಿತ ಸಂಚಾರ ತಂತ್ರಜ್ಞಾನದ ಮಾನಕಗಳು ಮತ್ತು ಪೂರೈಕೆದಾರರ ಸನ್ನದ್ಧತೆ

ತಮಿಳುನಾಡಿನ ಧರ್ಮಪುರಿ ಮತ್ತು ಸೇಲಂ ನಡುವಿನ ತೊಪ್ಪೂರು ಘಾಟಿ ರಾಷ್ಟ್ರೀಯ ಹೆದ್ದಾರಿ 44ರ ಕುಖ್ಯಾತ ಅಪಘಾತ ವಲಯ. ಬೆಂಗಳೂರು, ಹೊಸೂರು, ಕೃಷ್ಣಗಿರಿ ದಾಟಿ ತೆಂಕಣಕ್ಕೆ ಹೋಗುವ ಸರಕು ಲಾರಿಗಳು ಸೇಲಂ ಬಯಲಿಗೆ ಇಳಿಯುವುದು ಇಲ್ಲಿಯೇ. 2020ರ ಡಿಸೆಂಬರ್‌ನಲ್ಲಿ ಹತೋಟಿ ತಪ್ಪಿದ ಲಾರಿಯೊಂದು ಸಾಲುಗಟ್ಟಿ ನಿಂತಿದ್ದ ವಾಹನಗಳ ಮೇಲೆ ನುಗ್ಗಿ ನಾಲ್ವರು ಸತ್ತರು. 2024ರ ಜನವರಿಯಲ್ಲಿ ಜೋಡಿ ಸೇತುವೆಯ ಬಳಿ ಮತ್ತೆ ನಾಲ್ವರು ಸತ್ತರು. ಎರಡನೆಯ ಅಪಘಾತ ಕ್ಯಾಮೆರಾದಲ್ಲಿ ಸೆರೆಯಾಗಿ ದೇಶವೆಲ್ಲ ಅದನ್ನು ನೋಡಿತು. ಆದದ್ದನ್ನು ದಾಖಲಿಸುವ ಕ್ಯಾಮೆರಾ ಬೇರೆ, ಆಗಲಿರುವುದನ್ನು ಎಚ್ಚರಿಸುವ ವ್ಯವಸ್ಥೆ ಬೇರೆ. ನಗರಗಳಿಗೂ ಹೆದ್ದಾರಿಗಳಿಗೂ ಸಂಚಾರ ತಂತ್ರಜ್ಞಾನ ಪೂರೈಸುವವರ ಸನ್ನದ್ಧತೆಯನ್ನು ಅಳೆಯಬೇಕಾದದ್ದು ಈ ಅಂತರದಲ್ಲಿಯೇ.

ಇಳಿಜಾರಿನ ಭೌತಶಾಸ್ತ್ರ ಸರಳ. 40 ಟನ್ ತೂಕದ ಲಾರಿ 100 ಮೀಟರ್ ಎತ್ತರ ಇಳಿದರೆ ಸುಮಾರು 39 ಮೆಗಾಜೂಲ್ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಒಂದು ಲೀಟರ್ ಡೀಸೆಲ್ ಉರಿದರೆ ಬರುವ ಶಾಖಕ್ಕಿಂತ ಇದು ತುಸು ಹೆಚ್ಚು. ಕೆಳ ಗೇರಿನಲ್ಲಿ ಇಳಿದರೆ ಅದರ ದೊಡ್ಡ ಪಾಲನ್ನು ಎಂಜಿನ್ ಹೀರುತ್ತದೆ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕಿದರೆ ಅದಷ್ಟೂ ಬ್ರೇಕ್ ಡ್ರಮ್ಮಿಗೆ ಬೀಳುತ್ತದೆ, ಡ್ರಮ್ಮು ಕಾದ ಮೇಲೆ ಬ್ರೇಕ್ ಹಿಡಿಯುವುದಿಲ್ಲ. ಗಂಟೆಗೆ 72 ಕಿ.ಮೀ. ವೇಗದ ಲಾರಿ ಸೆಕೆಂಡಿಗೆ 20 ಮೀಟರ್ ಸಾಗುತ್ತದೆ. 500 ಮೀಟರ್ ಕೆಳಗೆ ವಾಹನಗಳ ಸಾಲು ನಿಂತಿದ್ದರೆ ಉಳಿದ ಸಮಯ 25 ಸೆಕೆಂಡು. ಅಷ್ಟರೊಳಗೆ ಕ್ಯಾಮೆರಾ ಗುರುತಿಸಬೇಕು, ನಿಯಂತ್ರಣ ಕೊಠಡಿಯ ತಂತ್ರಾಂಶ ಒಪ್ಪಬೇಕು, ರಸ್ತೆಬದಿಯ ಫಲಕ ಬದಲಾಗಬೇಕು, ಚಾಲಕ ಅದನ್ನು ಓದಬೇಕು. ಒಂದು ಕೊಠಡಿಯಿಂದ ಇನ್ನೊಂದಕ್ಕೆ ಫೋನ್ ಮಾಡಿ ತಿಳಿಸುವ ಪದ್ಧತಿಗೆ ಇಲ್ಲಿ ಜಾಗವೇ ಇಲ್ಲ.

ಮಾನಕಗಳ ಕೊರತೆ ಇದೆಯೆಂದು ಹೇಳುವಂತಿಲ್ಲ. ನಗರ ರಸ್ತೆಗಳ ಬುದ್ಧಿವಂತ ಸಾರಿಗೆ ವ್ಯವಸ್ಥೆಗೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಎಸ್‌ಪಿ 110 ಕೈಪಿಡಿ 2017ರಿಂದ ಇದೆ. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ 2023ರಲ್ಲಿ ಪರಿಷ್ಕರಿಸಿದ ಸಂಚಾರ ನಿರ್ವಹಣಾ ನೀತಿಯಂತೆ ಪ್ರತಿ 10 ಕಿ.ಮೀ.ಗೆ ಒಂದು ವಿಡಿಯೋ ಘಟನಾ ಪತ್ತೆ ಕ್ಯಾಮೆರಾ, ಪ್ರತಿ 1 ಕಿ.ಮೀ.ಗೆ ಒಂದು ವೀಕ್ಷಣಾ ಕ್ಯಾಮೆರಾ, ಪ್ರತಿ 100 ಕಿ.ಮೀ.ಗೆ ಒಂದು ನಿಯಂತ್ರಣ ಕೇಂದ್ರ ಇರಬೇಕು. ಪತ್ತೆ ಕ್ಯಾಮೆರಾ 14 ಬಗೆಯ ಘಟನೆಗಳನ್ನು ಗುರುತಿಸಬೇಕು. ಸಮತಟ್ಟಾದ ರಸ್ತೆಗೆ ಈ ಅಂತರ ಒಪ್ಪುವಂಥದ್ದು. ಕೆಲವೇ ಕಿಲೋಮೀಟರಿನ ಘಾಟಿಗೆ 10 ಕಿ.ಮೀ. ಎಂಬ ಅಳತೆ ಅರ್ಥಹೀನ. ಘಾಟಿಗೆ ಪ್ರತ್ಯೇಕ ಅಳತೆಯೇ ಬೇಕು.

ವಾಹನದ ಕಡೆಯ ಮಾನಕ ಎಐಎಸ್-140. ಸ್ಥಾನ ತಿಳಿಸುವ ಸಾಧನ ಮತ್ತು ತುರ್ತು ಗುಂಡಿಯನ್ನು ಅದು 2019ರ ಜನವರಿಯಿಂದ ಹೊಸ ಸಾರ್ವಜನಿಕ ಸೇವಾ ವಾಹನಗಳಿಗೆ ಕಡ್ಡಾಯಗೊಳಿಸಿತು. ಸಾಧನಗಳನ್ನು ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ಸಂಸ್ಥೆಗಳು ಪರೀಕ್ಷಿಸಿ ಒಪ್ಪಿಗೆ ಕೊಡುತ್ತವೆ. ಬಸ್ಸು, ಟ್ಯಾಕ್ಸಿಯನ್ನು ಮನಸ್ಸಿನಲ್ಲಿಟ್ಟು ಬರೆದ ನಿಯಮ ಇದು. ತೊಪ್ಪೂರಿನಲ್ಲಿ ಬ್ರೇಕ್ ಕಳೆದುಕೊಳ್ಳುವುದು ಲಾರಿ. ಕರ್ನಾಟಕ 2023ರ ಡಿಸೆಂಬರ್‌ನಿಂದ ಜಾರಿಗೆ ತಂದ ಆದೇಶದಲ್ಲಿ ರಾಷ್ಟ್ರೀಯ ಪರ್ಮಿಟ್ಟಿನ ಸರಕು ವಾಹನಗಳನ್ನೂ ಸೇರಿಸಿದ್ದು ಸರಿಯಾದ ಹೆಜ್ಜೆ. ಆದರೆ ಆ ಸಾಧನದ ಮಾಹಿತಿ ಹೋಗುವುದು ಕರ್ನಾಟಕದ ಸರ್ವರ್‌ಗೆ. ಗಡಿಯ ಅತ್ತಿಬೆಲೆ ದಾಟಿದ ಲಾರಿ ಘಾಟಿಯ ನೆತ್ತಿಯಲ್ಲಿ ಎಷ್ಟು ವೇಗದಲ್ಲಿದೆ ಎಂಬುದು ಮೊದಲು ತಿಳಿಯಬೇಕಾದದ್ದು ಘಾಟಿಯ ನಿಯಂತ್ರಣ ಕೇಂದ್ರಕ್ಕೆ. ಐದು ಸೆಕೆಂಡಿಗೊಮ್ಮೆ ಸ್ಥಾನ ಕಳಿಸುವ ಸಾಧನವಾದರೂ ಎರಡು ಸಂದೇಶಗಳ ನಡುವೆ ಲಾರಿ 100 ಮೀಟರ್ ಸಾಗಿರುತ್ತದೆ ಎಂಬುದು ಬೇರೆ ಮಾತು.

ಒಟ್ಟಿನಲ್ಲಿ, ಬಿಡಿ ಸಾಧನಗಳಿಗೆ ಮಾನಕ ಇದೆ, ಅವುಗಳ ನಡುವಿನ ಕೊಂಡಿಗೆ ಇರುವ ಒತ್ತು ಸಾಲದು. ಅಮೆರಿಕದಲ್ಲಿ ಸಂಚಾರ ಸಾಧನಗಳ ಸಂವಹನ ಮಾನಕ ಎನ್‌ಟಿಸಿಐಪಿ 1202 ಸಿಗ್ನಲ್ ನಿಯಂತ್ರಕಕ್ಕೂ 1203 ಸಂದೇಶ ಫಲಕಕ್ಕೂ ಒಂದೇ ಭಾಷೆ ಕಲಿಸಿರುವುದರಿಂದ ಒಬ್ಬರ ಫಲಕವನ್ನು ಇನ್ನೊಬ್ಬರ ತಂತ್ರಾಂಶ ನಡೆಸಬಲ್ಲದು. ಅಲ್ಲಿಯೂ ಎಲ್ಲ ಸುಗಮವಾಗಿಲ್ಲ: ವಾಹನಗಳ ನಡುವಿನ ಸಂಪರ್ಕಕ್ಕೆ ಮೀಸಲಿಟ್ಟಿದ್ದ 5.9 ಗಿಗಾಹರ್ಟ್ಸ್ ತರಂಗಪಟ್ಟಿಯ ದೊಡ್ಡ ಭಾಗವನ್ನು 2020ರಲ್ಲಿ ವೈಫೈಗೆ ಬಿಟ್ಟು ಉಳಿದದ್ದನ್ನು ಮೊಬೈಲ್ ತಂತ್ರಜ್ಞಾನ ಆಧರಿಸಿದ ಸಿ-ವಿ2ಎಕ್ಸ್‌ಗೆ ಕೊಟ್ಟಾಗ, ಅದೇ ಕೆಲಸದ ಹಳೆಯ ಡಿಎಸ್‌ಆರ್‌ಸಿ ರೇಡಿಯೊ ಉಪಕರಣ ಹಾಕಿಸಿದ್ದ ನಗರಗಳು ಪೇಚಿಗೆ ಸಿಕ್ಕವು.

ಪೂರೈಕೆದಾರರ ಸನ್ನದ್ಧತೆ ಎಂದರೆ ಟೆಂಡರ್ ದಿನ ತೋರಿಸುವ ಪ್ರಮಾಣಪತ್ರವಷ್ಟೇ ಅಲ್ಲ. 2021ರ ಆಗಸ್ಟ್‌ನ ಮೋಟಾರು ವಾಹನ ನಿಯಮ 167ಎ ಪ್ರಕಾರ ವೇಗ ಹಿಡಿಯುವ ಸಾಧನಕ್ಕೆ ಅನುಮೋದನಾ ಪತ್ರವಿರಬೇಕು, ಅದು ವರ್ಷ ವರ್ಷ ನವೀಕರಣವಾಗಬೇಕು. ಕಾನೂನು ಮಾಪನಶಾಸ್ತ್ರ ಇಲಾಖೆಯ ರೇಡಾರ್ ನಿಯಮಗಳು 2025ರ ಜುಲೈ 1ರಿಂದ ಪರಿಶೀಲನೆ ಮತ್ತು ಮುದ್ರೆಯನ್ನೂ ಕಡ್ಡಾಯ ಮಾಡಿವೆ. ಇದಕ್ಕೆ ತಕ್ಕ ಮಾಪನಾಂಕ ನಿರ್ಣಯ ಸೌಲಭ್ಯ, ಬಿಡಿಭಾಗದ ದಾಸ್ತಾನು, ಮಳೆಗಾಲದ ರಾತ್ರಿ ಘಾಟಿ ಹತ್ತಿ ರಿಪೇರಿ ಮಾಡುವ ಸಿಬ್ಬಂದಿ ಇಲ್ಲದವರು ಕಾಗದದ ಮೇಲೆ ಮಾತ್ರ ಸನ್ನದ್ಧರು.

ಪೂರೈಕೆದಾರ ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲೇ ಪಾಠವಿದೆ. ಬಿಎಂಟಿಸಿ 2016ರಲ್ಲಿ ಆರಂಭಿಸಿದ ಬಸ್ ಮಾಹಿತಿ ವ್ಯವಸ್ಥೆಯ ಗುತ್ತಿಗೆದಾರ ಸಂಸ್ಥೆ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಬಿಎಂಟಿಸಿ ಮುಂದೆ ಹೊಸ ವ್ಯವಸ್ಥೆಯನ್ನೇ ಕಟ್ಟಿಕೊಳ್ಳಬೇಕಾಯಿತು. ಅದೇ ನಗರದ 165 ವೃತ್ತಗಳ ಹೊಂದಾಣಿಕೆಯ ಸಿಗ್ನಲ್ ಯೋಜನೆ ಸರ್ಕಾರಿ ಸಂಸ್ಥೆ ಸಿ-ಡಾಕ್ ರೂಪಿಸಿದ ಕಾಸಿಕಾಸ್ಟ್ ತಂತ್ರಾಂಶವನ್ನು ಆಧರಿಸಿದೆ. ತಂತ್ರಾಂಶ ಸರ್ಕಾರಿ ಸಂಸ್ಥೆಯ ಕೈಯಲ್ಲಿದ್ದರೆ ಗುತ್ತಿಗೆದಾರ ಬದಲಾದರೂ ತಿರುಳು ಉಳಿಯುತ್ತದೆ. ಈ ದಾರಿ ಹೆಚ್ಚು ಭದ್ರ.

ತೊಪ್ಪೂರಿನಲ್ಲಿ ಸುಮಾರು 6.6 ಕಿ.ಮೀ. ಉದ್ದದ ಎತ್ತರಿಸಿದ ರಸ್ತೆಗೆ ಸುಮಾರು 775 ಕೋಟಿ ರೂಪಾಯಿಯ ಯೋಜನೆ ರೂಪುಗೊಂಡಿದೆ. ಇಳಿಜಾರನ್ನು ತಗ್ಗಿಸುವ ಕಾಮಗಾರಿಗೆ ಯಾವ ಕ್ಯಾಮೆರಾವೂ ಬದಲಿಯಲ್ಲ. ಆದರೆ ಹೊಸ ರಸ್ತೆಯ ಟೆಂಡರ್ ದಾಖಲೆಯಲ್ಲೇ ಮೂರು ಷರತ್ತು ಸೇರಬೇಕು: ಕ್ಯಾಮೆರಾದಿಂದ ಫಲಕದವರೆಗಿನ ಒಟ್ಟು ವಿಳಂಬವನ್ನು ಘಾಟಿಯಲ್ಲೇ ಅಳೆದು ತೋರಿಸಬೇಕು, ಸಂದೇಶ ವಿಧಾನ ಮುಕ್ತವಾಗಿರಬೇಕು, ಧರ್ಮಪುರಿ ಮತ್ತು ಸೇಲಂ ಪೊಲೀಸರಿಗೆ ಮಾಹಿತಿ ಏಕಕಾಲಕ್ಕೆ ತಲುಪಬೇಕು. ಈ ಮೂರನ್ನು ಒಪ್ಪದ ಪೂರೈಕೆದಾರರನ್ನು, ದರ ಎಷ್ಟೇ ಕಡಿಮೆಯಿರಲಿ, ತಾಂತ್ರಿಕ ಹಂತದಲ್ಲೇ ಕೈಬಿಡುವುದು ಸೂಕ್ತ.